ಜೇಜುರಿಯ ಬಯಲಿನಲ್ಲಿ ತೋಳದ ಕೂಗು

ಪುಣೆಯಿಂದ ಮೀರಜ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಗಳತ್ತ ಊರಿಗೆ ಹೊರಟ ನಮ್ಮ ಬಂಧುಗಳಿಗೆ ಜೇಜುರಿ ಎಂದರೆ ರೈಲಿನ ಕಿಟಕಿಯಿಂದ ಕೈಮುಗಿಯುವ ಬೆಟ್ಟ. ರಜೆ ದೊರೆತವರು ಇಳಿದು, ಮೆಟ್ಟಿಲೇರಿ, ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುವುದೂ ಉಂಟು. ಅಲ್ಲಿ ಮೊಳಗುವ ‘ಯೆಳಕೋಟ’ದಲ್ಲಿ ನಮ್ಮ ಮೈಲಾರನ ‘ಏಳು ಕೋಟಿ’ಯನ್ನು ಗುರುತಿಸದ ಕನ್ನಡಿಗನಾರು? ಆದರೆ ಬೆಟ್ಟದ ಆಚೆಗೆ, ಮೋರಗಾಂವ, ಸುಪೆ, ಬಾರಾಮತಿಗಳ ಕಡೆಗೆ ಹರಡಿರುವ ಹುಲ್ಲುಬಯಲನ್ನು ಕಣ್ಣೆತ್ತಿ ನೋಡುವವರು ವಿರಳ. ಕತ್ತಲಾದ ಮೇಲೆ ಆ ಬಯಲಿನಲ್ಲಿ ಏಳುವ ಕೂಗೇ ಇಂದಿನ ನಮ್ಮ ವಿಷಯ.

ಮೃಗವನ್ನು ಕೂಗಿ ಕರೆಯುವುದು ಒಂದು ಹಳೆಯ ವಿದ್ಯೆ. ಅಮೆರಿಕೆಯಲ್ಲಿ ಕಯೋಟಿ ಎಂಬ ಪ್ರಾಣಿಯಿದೆ. ತೋಳಕ್ಕಿಂತ ಸಣ್ಣದು, ನಮ್ಮ ಗುಳ್ಳೆನರಿಗಿಂತ ದೊಡ್ಡದು. ಅಲ್ಲಿನ ಹೊಸ ಬೇಟೆಗಾರ ಮೊದಲು ಕಲಿಯುವುದು ಬಂದೂಕನ್ನಲ್ಲ, ಬಾಯಲ್ಲಿಟ್ಟು ಊದುವ ಒಂದು ಪುಟ್ಟ ಪೀಪಿಯನ್ನು. ಗಾಯಗೊಂಡ ಮೊಲದ ಚೀರಾಟವನ್ನು ಅದರಲ್ಲಿ ಹೊರಡಿಸಿ, ತನ್ನ ವಾಸನೆ ಗಾಳಿಯಲ್ಲಿ ತೇಲಿ ಮುಂದಕ್ಕೆ ಹೋಗದಂತೆ ಪೊದೆಗೆ ಬೆನ್ನು ಕೊಟ್ಟು, ಅಲುಗದೆ ಕುಳಿತಿರಬೇಕು. ಹಸಿದದ್ದು ತಾನಾಗಿ ಬರುತ್ತದೆ. ಮರಿಗಳು ಬೆಳೆದು ಮೊದಲ ಬಾರಿಗೆ ಒಂಟಿಯಾಗಿ ತಿರುಗುವ ಶರತ್ಕಾಲದಲ್ಲಿ ಈ ಮೋಸ ಸುಲಭವಾಗಿ ಫಲಿಸುತ್ತದೆ. ಚಳಿ ಬಲಿತು ತುಪ್ಪುಳು ದಟ್ಟವಾದಾಗ ಬೇಟೆಯ ಭರಾಟೆ ಹೆಚ್ಚು; ಬೆದೆಯ ತಿಂಗಳುಗಳಲ್ಲಿ ಮೊಲದ ಚೀರಾಟವನ್ನು ಬಿಟ್ಟು ಊಳಿನ ಅನುಕರಣೆ ನಡೆಯುತ್ತದೆ. ಒಮ್ಮೆ ಮೋಸಹೋಗಿ ಪಾರಾದ ಪ್ರಾಣಿ ಆ ಸದ್ದಿಗೆ ಮತ್ತೆ ಸುಲಭವಾಗಿ ಬಾರದೆಂದು ಬೇಟೆಗಾರರೇ ಒಪ್ಪುತ್ತಾರೆ.

ನಮ್ಮ ದೇಶದಲ್ಲಿ ಈ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಾಗಿಲು ಮುಚ್ಚಿತು. ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದು, ಬಲೆ ಒಡ್ಡುವುದು, ಆಮಿಷ ತೋರುವುದು ಕೂಡ ಆ ಕಾಯಿದೆಯ ಮಾತಿನಲ್ಲಿ ಬೇಟೆಯೇ. ಆದರೂ ಕೂಗುವ ವಿದ್ಯೆ ಸಾಯಲಿಲ್ಲ. ಬೇಟೆಗಾರನ ಕೈಯಿಂದ ವಿಜ್ಞಾನಿಯ ಕೈಗೆ ಬಂದಿತು. ಕೆನಡಾದ ಅಲ್ಗೊಂಕ್ವಿನ್ ಉದ್ಯಾನದಲ್ಲಿ ಡಗ್ಲಸ್ ಪಿಮ್ಲಾಟ್ ಎಂಬ ವಿದ್ವಾಂಸರು 1950ರ ದಶಕದ ಕೊನೆಯಲ್ಲಿ ಊಳಿಟ್ಟು, ಬಂದ ಉತ್ತರದಿಂದ ತೋಳಗಳ ನೆಲೆಯನ್ನು ಅರಿಯುವ ಕ್ರಮವನ್ನು ರೂಢಿಸಿದರು. 1963ರಿಂದ ಅಲ್ಲಿ ಆಗಸ್ಟ್ ತಿಂಗಳಲ್ಲಿ ಸಾರ್ವಜನಿಕರೂ ಸೇರಿ ಕೂಗನ್ನು ಆಲಿಸುವ ಪದ್ಧತಿ ಬಂದಿತು. ನಮ್ಮಲ್ಲಿಯೂ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೆ ಸೇರಿದ ಸಂಶೋಧಕರು ಮಹಾರಾಷ್ಟ್ರದ ತೋಳಗಳ ಧ್ವನಿಯನ್ನು ಮುದ್ರಿಸಿಕೊಂಡು, ಒಂದೊಂದು ತೋಳವನ್ನೂ ಅದರ ಊಳಿನಿಂದ ಬೇರ್ಪಡಿಸಿ ಗುರುತಿಸಬಹುದೆಂದು ತೋರಿಸಿದ್ದಾರೆ. ದೇಶದಲ್ಲಿ ಸುಮಾರು 3,000 ತೋಳಗಳು ಮಾತ್ರ ಉಳಿದಿರುವಾಗ ಇದು ಸಣ್ಣ ಉಪಕಾರವಲ್ಲ.

ಇಲ್ಲಿ ಒಂದು ಎಚ್ಚರವನ್ನು ಹೇಳಲೇಬೇಕು. ಹೊರದೇಶದ ಪುಸ್ತಕದ ಪಂಚಾಂಗ ನಮ್ಮ ಬಯಲಿಗೆ ಸಲ್ಲದು. ಕೆನಡಾದ ತೋಳ ಮರಿ ಹಾಕುವುದು ವಸಂತದಲ್ಲಿ. ಆಗಸ್ಟ್ ಹೊತ್ತಿಗೆ ಮರಿಗಳು ಗುಹೆ ಬಿಟ್ಟು ಹೊರಗೆ ಆಡುತ್ತ ದೊಡ್ಡವರೊಡನೆ ದನಿಗೂಡಿಸುತ್ತವೆ. ದಖ್ಖನದ ತೋಳವಾದರೋ ಮಳೆಗಾಲ ಮುಗಿದ ಮೇಲೆ ಬೆದೆಗೆ ಬಂದು, ಚಳಿಗಾಲದಲ್ಲಿ ಮರಿ ಹಾಕುತ್ತದೆ. ಅಂದರೆ ಅಮೆರಿಕೆಯ ಬೇಟೆಗಾರ ಸುಗ್ಗಿಯೆಂದು ಎಣಿಸುವ ಡಿಸೆಂಬರ್, ಜನವರಿಗಳಲ್ಲಿಯೇ ಇಲ್ಲಿ ತಾಯಿ ತೋಳ ಕಣ್ಣು ಬಿಡದ ಮರಿಗಳೊಡನೆ ಬಿಲದಲ್ಲಿರುತ್ತದೆ. ಅಪರಿಚಿತ ಊಳನ್ನು ಕೇಳಿದ ತೋಳ ಅದನ್ನು ಪರಗುಂಪಿನ ಅತಿಕ್ರಮಣವೆಂದೇ ಬಗೆಯುತ್ತದೆ. ಉತ್ತರ ಕೊಡಬಹುದು, ನೋಡಲು ಬರಬಹುದು, ಸುಮ್ಮನೆಯೂ ಇರಬಹುದು. ಮನುಷ್ಯರ ಉಪಟಳ ಹೆಚ್ಚಿದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ಮರಾಠಿಯಲ್ಲಿ ಖೋಕಡ ಎನ್ನುವ ಸಣ್ಣ ನರಿಗೆ ಚಳಿ ಕಳೆಯುವ ಹೊತ್ತಿಗೆ ಮರಿ. ಗುಳ್ಳೆನರಿಗೆ ಹೆಚ್ಚಾಗಿ ಬೇಸಗೆಯಲ್ಲಿ. ಹೀಗಾಗಿ ಡಿಸೆಂಬರಿನಿಂದ ಮೇವರೆಗೆ ಯಾವುದೋ ಒಂದು ತಾಯಿಯ ನಿದ್ದೆಗೆಡಿಸದೆ ಕೂಗಬಲ್ಲ ತಿಂಗಳು ಈ ಬಯಲಿನಲ್ಲಿ ಸಿಕ್ಕುವುದು ಕಷ್ಟ. ಅಧ್ಯಯನಕ್ಕಾಗಿ ಅನುಮತಿ ಪಡೆದು ಲೆಕ್ಕವಿಟ್ಟು ಕೂಗುವವರ ಮಾತು ಬೇರೆ. ಯಂತ್ರದಲ್ಲಿ ಊಳನ್ನು ತುಂಬಿಕೊಂಡು ಮೋಜಿಗಾಗಿ ಬರುವ ಹವ್ಯಾಸಿಗಳು ಅದನ್ನು ಮನೆಯಲ್ಲಿಯೇ ಬಿಟ್ಟು ಬರುವುದು ಲೇಸೆಂದು ನಮ್ಮ ಅಭಿಪ್ರಾಯ.

ನಿದ್ದೆಗೆಡುವವರು ಮನುಷ್ಯರಲ್ಲಿಯೂ ಉಂಟು. ಬಯಲಿನಲ್ಲಿ ಬಲೆಯ ದೊಡ್ಡಿ ಕಟ್ಟಿ ಮಲಗುವ ಧನಗರರಿಗೆ, ನಮ್ಮ ಕಡೆಯ ಕುರುಬರಂತೆಯೇ, ತೋಳದ ಊಳೆಂದರೆ ಕಥೆಯಲ್ಲ, ನಷ್ಟದ ಸೂಚನೆ. ಖಂಡೋಬನ ಎರಡನೆಯ ಪತ್ನಿ ಬಾಣಾಯಿ ಇವರ ಮನೆಮಗಳೇ. ಕುರಿ ಸತ್ತರೆ ಸರ್ಕಾರದ ಪರಿಹಾರವುಂಟು, ನಿಜ. ಆದರೆ ಪಂಚನಾಮೆ ಮುಗಿಯುವ ತನಕ ಅಲೆಮಾರಿ ಮಂದೆ ಒಂದೇ ಊರಿನಲ್ಲಿ ನಿಲ್ಲಬಲ್ಲುದೇ? ಇಷ್ಟಾದರೂ ಅವರೂ ತೋಳವೂ ಒಂದೇ ಬಯಲಿನಲ್ಲಿ ತಲೆಮಾರುಗಳಿಂದ ಬಾಳಿವೆ. ಈಗ ತೋಳಕ್ಕೆ ಹೆಚ್ಚಿನ ಭಯ ಬೇರೆ ಕಡೆಯಿಂದ: ಹುಲ್ಲನ್ನು ಬಂಜರೆಂದು ಕರೆದು ಹಾಕುವ ನಿವೇಶನಗಳು, ಕಾರ್ಖಾನೆಗಳು, ಊರ ಕಸದ ರಾಶಿಯಿಂದ ಬೆಳೆದು ಬಯಲಿಗೆ ನುಗ್ಗುವ ಬೀದಿನಾಯಿಗಳು. ನಾಯಿಯಿಂದ ರೋಗ ಹರಡುತ್ತದೆ. ತೋಳಕ್ಕೂ ನಾಯಿಗೂ ಕೂಡಿ ಮಿಶ್ರ ಸಂತಾನವೂ ಹುಟ್ಟುತ್ತದೆ. ನಾಯಿ ಖಂಡೋಬನ ಒಡನಾಡಿ, ನಮ್ಮ ಗೊರವರೂ ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವವರು; ಆದಕಾರಣ ಈ ಮಾತನ್ನು ಜೇಜುರಿಯಲ್ಲಿ ಆಡುವುದು ಸ್ವಲ್ಪ ನಾಜೂಕಿನ ಕೆಲಸ.

ಸುಪೆಯ ಬಳಿ 1997ರಲ್ಲಿ ಘೋಷಿತವಾದ ಮಯೂರೇಶ್ವರ ಅಭಯಾರಣ್ಯವೊಂದಿದೆ. ಅದರ ವಿಸ್ತಾರ 5 ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಒಂದು ತೋಳದ ಗುಂಪಿನ ಒಂದು ರಾತ್ರಿಯ ತಿರುಗಾಟಕ್ಕೂ ಅದು ಸಾಲದು. ನಮ್ಮ ನಾಡಿನಲ್ಲಿ ಮೇಲುಕೋಟೆಯ ಕಾಡನ್ನು 1974ರಲ್ಲಿಯೇ ತೋಳಕ್ಕಾಗಿ ಕಾಯ್ದಿರಿಸಿದರೆಂಬುದನ್ನು ಇಲ್ಲಿ ನೆನೆಯಬಹುದು.

ಕೇಳಬೇಕೆಂಬ ಆಸೆಯುಳ್ಳವರು ದಸರೆಯ ನಂತರ ಹೋಗಲಿ. ಮಳೆಗಾಲದ ಬಿರುಗಾಳಿ ಆಗ ಇಳಿದಿರುತ್ತದೆ, ಹುಲ್ಲು ಒಣಗಿರುತ್ತದೆ, ಸದ್ದು ದೂರದಿಂದ ತೇಲಿಬರುತ್ತದೆ. ಊರಂಚಿನಲ್ಲಿ ದೀಪವಿಲ್ಲದೆ, ಮಾತಿಲ್ಲದೆ ನಿಂತರೆ ಸಾಕು. ಅಭಯಾರಣ್ಯದ ಒಳಗೆ ಹೋಗಬೇಕಾಗಿಲ್ಲ. ಮೊದಲು ಕಿವಿಗೆ ಬೀಳುವುದು ಬಹುಶಃ ಗುಳ್ಳೆನರಿಯೇ: ಒಂದು ಎಳೆದು ಕೂಗಿದೊಡನೆ ಹತ್ತು ಕೂಡಿ ಕಿರಿಚಾಡುತ್ತವೆ. ಸಣ್ಣ ನರಿಯದು ಚುಟುಕಾದ, ಮತ್ತೆ ಮತ್ತೆ ಬರುವ ಬೊಗಳು. ತೋಳದ್ದು ಇವೆರಡಕ್ಕೂ ಬೇರೆ. ದಪ್ಪ ದನಿ, ಒಂದೇ ಉಸಿರಿನಲ್ಲಿ ಏರಿ ನಿಂತು ನಿಧಾನವಾಗಿ ಇಳಿಯುವಂಥದು. ಮೂರು ರಾತ್ರಿ ನಿಂತರೂ ಅದು ಕೇಳದಿರಬಹುದು. ಪುಣೆಗೆ ಹಿಂತಿರುಗುವ ಗಾಡಿಯ ಹೊತ್ತನ್ನು ಮೊದಲೇ ವಿಚಾರಿಸಿಟ್ಟುಕೊಂಡಿರಿ.