ತಲೆ ಹಿಂದಿನ ಕಮಾನು

ಫಳಫಳ ಹೊಳೆಯೋ ಕ್ರೋಮ್ ಪೈಪು ಕಂಡ ತಕ್ಷಣ "ಅಬ್ಬಾ, ಎಷ್ಟು ಸೇಫ್ ಕಾರು!" ಅಂತೀವಿ. ನಾನೂ ಹಾಗೇ ಅಂದುಕೊಂಡಿದ್ದವನೇ. ಆದರೆ ಆ ಪೈಪಿನ ಕಾಲು ಎಲ್ಲಿ ಊರಿದೆ ಅಂತ ಬಗ್ಗಿ ನೋಡಿದವರು ನಮ್ಮಲ್ಲಿ ಎಷ್ಟು ಜನ?

ವಿಷಯಕ್ಕೆ ಬರ್ತೀನಿ. 1962ರಲ್ಲಿ ಅಮೆರಿಕದ ರೇಸ್ ಚಾಲಕ ಕ್ಯಾರಲ್ ಶೆಲ್ಬಿ, ಇಂಗ್ಲೆಂಡಿನ ಎಸಿ ಕಂಪನಿಯ ಪುಟ್ಟ ಕಾರಿಗೆ ಫೋರ್ಡ್‌ನ ವಿ-8 ಎಂಜಿನ್ ಕೂರಿಸಿದರು. ಅದೇ ಕೋಬ್ರಾ. ಅಸಲಿ ಕಾರುಗಳು ತಯಾರಾಗಿದ್ದು ಸುಮಾರು ಒಂದು ಸಾವಿರ. ಬೆಲೆ ಈಗ ಕೋಟಿಗಳಲ್ಲಿ. ಹಾಗಾಗಿ ಅಮೆರಿಕ, ಬ್ರಿಟನ್‌ನಲ್ಲಿ ಜನ ಕಿಟ್ ತರಿಸಿ, ಮನೆ ಗ್ಯಾರೇಜಿನಲ್ಲೇ ಅದರ ನಕಲು ಕಟ್ಟಿಕೊಳ್ಳುತ್ತಾರೆ. ಮೇಲೆ ಚಾವಣಿ ಇಲ್ಲ. ಮೈಯೆಲ್ಲ ಹೆಚ್ಚಾಗಿ ಫೈಬರ್‌ಗ್ಲಾಸ್. ಕಾರು ಮಗುಚಿದರೆ ನೆಲಕ್ಕೆ ಮೊದಲು ಬಡಿಯೋದು ಏನು? ಚಾಲಕನ ತಲೆ! ಅದಕ್ಕೇ ಸೀಟಿನ ಹಿಂದೆ ಈ ಉಕ್ಕಿನ ಕಮಾನು, ರೋಲ್ ಬಾರ್.

ಸಮಸ್ಯೆ ಇರೋದು ಇಲ್ಲೇ. ಕಮಾನನ್ನು ಫೈಬರ್ ಮೈಗೆ ಮಾತ್ರ ಬೋಲ್ಟ್ ಹಾಕಿ ನಿಲ್ಲಿಸಿದರೆ ಅದು ಬರೀ ಷೋಕಿ. ಮಗುಚಿದ ಏಟಿಗೆ ಫೈಬರ್ ಹಪ್ಪಳದಂತೆ ಒಡೆದು, ಪೈಪು ಬುಡಸಮೇತ ಕಿತ್ತು ಬರುತ್ತೆ. ಅದರ ಕಾಲು ಕೆಳಗಿನ ಉಕ್ಕಿನ ಷಾಸಿಗೇ ಇಳಿಯಬೇಕು. ಅಷ್ಟೂ ಸಾಲದು. ಕಾರು ಜಾರುತ್ತಾ ಮಗುಚಿದಾಗ ನೆಲ ಆ ಕಮಾನನ್ನು ಹಿಂದಕ್ಕೆ ದೂಡುತ್ತೆ. ಒಂಟಿ ಕಮಾನು ಮಡಚಿಕೊಳ್ಳುತ್ತೆ. ಹಿಂದಿನಿಂದ ಓರೆಯಾಗಿ ಒಂದು ಆಸರೆ ಪೈಪು ಕೊಟ್ಟು ನೋಡಿ, ತ್ರಿಕೋನ ಆಯ್ತು. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ವಾಲುತ್ತೆ, ತ್ರಿಕೋನ ವಾಲಲ್ಲ. ನಮ್ಮ ಹಳೇ ಹೆಂಚಿನ ಮನೆ ಕಟ್ಟಿದ ಬಡಗಿಗೆ ಇದನ್ನ ಯಾರೂ ಹೇಳಿಕೊಡಬೇಕಿರಲಿಲ್ಲ ಬಿಡಿ.

ಎತ್ತರದ್ದೂ ಒಂದು ಜಗಳ. ನೋಡೋಕೆ ಚೆಂದ ಅಂತ ಕಮಾನನ್ನು ತಗ್ಗಿಸ್ತಾರೆ. ಅಮೆರಿಕದ ರೇಸ್ ಸಂಸ್ಥೆ ಎಸ್‌ಸಿಸಿಎ ಕೇಳೋದು, ಹೆಲ್ಮೆಟ್‌ಗಿಂತ 2 ಇಂಚು ಮೇಲಿರಬೇಕು ಅಂತ. ರೇಸ್ ಟ್ರ್ಯಾಕಿನಲ್ಲಿ ಇನ್ನೊಂದು ಸರಳ ಪರೀಕ್ಷೆ ಇದೆ: ಪೊರಕೆ ಕೋಲು! ಕಮಾನಿನ ತುದಿಯಿಂದ ಮುಂದಿನ ಗಟ್ಟಿ ಭಾಗಕ್ಕೆ ಕೋಲು ಇಡಿ, ತಲೆ ಅದಕ್ಕಿಂತ ಕೆಳಗಿದ್ದರೆ ಪಾಸ್. ಕೋಬ್ರಾದ ಆ ತೆಳು ಗಾಜಿನ ಚೌಕಟ್ಟನ್ನು ಗಟ್ಟಿ ಭಾಗ ಅಂತ ಲೆಕ್ಕ ಹಿಡಿಯಬೇಡಿ ಮತ್ತೆ.

ಹಳೇ ರೇಸ್ ಶೈಲಿ ಅಂತ ಚಾಲಕನ ಹಿಂದೆ ಮಾತ್ರ ಕಮಾನು ಹಾಕಿಸಿಕೊಳ್ಳೋರಿದ್ದಾರೆ. ಅಲ್ಲ ಸ್ವಾಮಿ, ಪಕ್ಕದ ಸೀಟಲ್ಲಿ ಕೂತ ಹೆಂಡತಿಯ ತಲೆ ತಲೆಯಲ್ಲವೇ? ಹೆಲ್ಮೆಟ್ ಇಲ್ಲದೆ ರಸ್ತೆಗೆ ಇಳಿಯೋರಿಗೆ ಇನ್ನೊಂದು ಅಪಾಯ. ಹಿಂದಿನಿಂದ ಯಾರಾದರೂ ಗುದ್ದಿದರೆ, ಕಾಪಾಡಬೇಕಾದ ಅದೇ ಪೈಪಿಗೆ ತಲೆ ಬಡಿಯುತ್ತೆ. ಮೆತ್ತನೆ ಸ್ಪಂಜು ಸುತ್ತಿದರೆ ಪ್ರಯೋಜನವಿಲ್ಲ. ಗಟ್ಟಿ ರೇಸಿಂಗ್ ಫೋಮೇ ಬೇಕು.

ನಮ್ಮಲ್ಲೂ ಹಾಕಿಸಬಹುದಾ ಅಂತೀರಾ? ತಯಾರಕರು ಕೊಟ್ಟ ಮೂಲ ವಿನ್ಯಾಸ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಟಿಒ ಕೇಳದೆ ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ.

ಕೊನೆಗೆ, ನನಗೆ ತುಂಬಾ ಹಿಡಿಸಿದ ಒಂದು ನಿಯಮ. ಎಸ್‌ಸಿಸಿಎ ರೇಸಿಗೆ ಬರೋ ಕಾರಿನ ಕಮಾನಿಗೆ ಸುಮಾರು 5 ಮಿಲಿಮೀಟರಿನ ಒಂದು ತೂತು ಕೊರೆದಿರಬೇಕು. ಯಾಕೆ ಗೊತ್ತಾ? ಒಳಗಿನ ಉಕ್ಕು ಎಷ್ಟು ದಪ್ಪ ಅಂತ ಪರೀಕ್ಷಕರು ಅಳೆದು ನೋಡೋದಕ್ಕೆ. ಹೊರಗಿನ ಹೊಳಪನ್ನ ಅವರು ಕೇಳೋದೇ ಇಲ್ಲ.