ಹಳ್ಳಿಯವರ ಕೈಗೆ ಬಂದ ಕ್ಯಾಮರಾ

ದೂರದರ್ಶನವು ಹಳ್ಳಿಗಳಿಗೆ ಮೊದಲು ಬಂದ ಕಾಲವು ನಮ್ಮ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷದವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಪ್ರಸಾರ ಮಾಡಿದ ಆ ಪ್ರಯೋಗದಲ್ಲಿ ನಮ್ಮ ಕರ್ನೂಲು ಜಿಲ್ಲೆಯೂ ನೆರೆಯ ರಾಯಚೂರು ಜಿಲ್ಲೆಯೂ ಸೇರಿದ್ದವು. ನೋಡುವುದಷ್ಟೇ ಹಳ್ಳಿಯವರ ಪಾಲಾಗಿತ್ತು. ಏನನ್ನು ತೋರಿಸಬೇಕೆಂಬುದನ್ನು ಪಟ್ಟಣದವರು ನಿರ್ಧರಿಸುತ್ತಿದ್ದರು. ತೋರಿಸುವ ವಿದ್ಯೆಯನ್ನೂ ಹಳ್ಳಿಯವರೇ ಕಲಿತರೆ ಏನಾಗುವುದೆಂಬುದನ್ನು ಪಸ್ತಾಪುರದಲ್ಲಿ ಕಾಣಬಹುದು.

ಪಸ್ತಾಪುರವು ಬೀದರ್ ಜಿಲ್ಲೆಗೆ ಹೊಂದಿಕೊಂಡಿರುವ ಜಹೀರಾಬಾದಿನ ಬಳಿಯ ಗ್ರಾಮ. ಈಗ ತೆಲಂಗಾಣಕ್ಕೆ ಸೇರಿದೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು ಅಲ್ಲಿಯ ಬಡ ಹೆಂಗಸರ ಸಂಘಗಳನ್ನು ಕಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು; 2023ರಲ್ಲಿ ತೀರಿಕೊಂಡರು. 1998ರ ಸುಮಾರಿಗೆ ಸಂಘದ ಕೆಲವು ಹೆಂಗಸರಿಗೆ ವಿಡಿಯೋ ಕ್ಯಾಮರಾ ಹಿಡಿಯುವ ತರಬೇತಿ ಮೊದಲಾಯಿತು. ಅವರಲ್ಲಿ ಹೆಚ್ಚಿನವರು ಕೂಲಿ ಮಾಡುತ್ತಿದ್ದ ದಲಿತ ಸ್ತ್ರೀಯರು. ಓದುಬರಹ ಬಾರದವರೂ ಇದ್ದರು.

ಅಕ್ಷರ ಬಾರದವರು ಯಂತ್ರವನ್ನು ಹೇಗೆ ಕಲಿತರೆಂದು ವಿದ್ಯಾರ್ಥಿಗಳು ಕೇಳಬಹುದು. ಅವರು ಪುಸ್ತಕದ ಪರಿಭಾಷೆಯನ್ನು ಬಿಟ್ಟು ತಮ್ಮ ಬಾಳಿನಿಂದಲೇ ಹೆಸರುಗಳನ್ನು ತೆಗೆದರು. ಕ್ಯಾಮರಾವನ್ನು ಎತ್ತರದಲ್ಲಿಟ್ಟು ಕೆಳಗಿರುವವರನ್ನು ತೆಗೆದ ಚಿತ್ರ ‘ಪಟೇಲನ ನೋಟ’, ಏಕೆಂದರೆ ಜಮೀನುದಾರನು ಆಳನ್ನು ನೋಡುವುದು ಹಾಗೆ. ಕೆಳಗಿನಿಂದ ಮೇಲಕ್ಕೆ ತೆಗೆದದ್ದು ಆಳಿನ ನೋಟ. ಕಣ್ಣಿನ ಮಟ್ಟದಲ್ಲಿ ತೆಗೆದದ್ದು ‘ಸಂಘದ ನೋಟ’. ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುವವರಲ್ಲವೆ! ಚಲಚ್ಚಿತ್ರಶಾಸ್ತ್ರದ ಒಂದು ಅಧ್ಯಾಯವೇ ಈ ಮೂರು ಹೆಸರುಗಳಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ಇವರ ಕೃತಿಗಳಲ್ಲಿ ಹೆಸರಾದದ್ದು ವಾರಂಗಲ್ ಜಿಲ್ಲೆಯ ಹತ್ತಿ ಬೆಳೆಗಾರರನ್ನು ಕುರಿತದ್ದು. 2002ರಲ್ಲಿ ಬಿಟಿ ಹತ್ತಿಗೆ ಸರ್ಕಾರದ ಅನುಮತಿ ದೊರೆತಾಗ ಈ ಹೆಂಗಸರು ಅವವೇ ರೈತರ ಹೊಲಗಳಿಗೆ ಬೆಳೆಗಾಲದುದ್ದಕ್ಕೂ ಮತ್ತೆ ಮತ್ತೆ ಹೋಗಿ, ಆರಂಭದ ಭರವಸೆಯನ್ನೂ ಕೊನೆಯ ನಷ್ಟದ ಲೆಕ್ಕವನ್ನೂ ರೈತರ ಬಾಯಿಂದಲೇ ದಾಖಲಿಸಿದರು. ಒಂದು ದಿನ ಬಂದುಹೋಗುವ ಪಟ್ಟಣದ ವರದಿಗಾರನಿಗೆ ಇದು ಸಾಧ್ಯವಾಗುವಂತಹದಲ್ಲ. 2005ರಲ್ಲಿ ಆ ಹತ್ತಿಯ ಮೂರು ತಳಿಗಳಿಗೆ ಆಂಧ್ರಪ್ರದೇಶದಲ್ಲಿ ಅನುಮತಿಯು ಮುಂದುವರಿಯಲಿಲ್ಲ. ಈ ಚಿತ್ರವೊಂದರಿಂದಲೇ ಹಾಗಾಯಿತೆನ್ನಲಾಗದು. ಮುಂದೆ ಬೇರೆ ಬಿಟಿ ತಳಿಗಳು ನಮ್ಮ ಸೀಮೆಯಲ್ಲಿಯೂ ಹಬ್ಬಿದವು. ಆದರೂ ಆ ವರ್ಷದ ರೈತನ ಮಾತು ಅಳಿಯದೆ ಉಳಿಯಿತು.

ಎಮ್ಮಿಗನೂರಿಗೆ ಇದು ಸಲ್ಲುವ ವಿಷಯ. ಗಡಿಯಲ್ಲಿರುವ ನಾವು ಬೆಂಗಳೂರಿನ ಪತ್ರಿಕೆಗಳಿಗೂ ದೂರ; ತೆಲುಗು ಪತ್ರಿಕೆಗಳಲ್ಲಿ ಕನ್ನಡ ಶಾಲೆಯ ಸುದ್ದಿ ಕಾಣುವುದೂ ವಿರಳ. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿದ ಈ ಊರಿನಲ್ಲಿ ಮಗ್ಗದ ಕೆಲಸ ಬಲ್ಲ ಮುದುಕರು ಇನ್ನೂ ಇದ್ದಾರೆ. ಇಂದು ಮೊಬೈಲ್ ಫೋನು ಮನೆಮನೆಯಲ್ಲಿಯೂ ಇದೆ. ಮಗ್ಗದ ಕೂಲಿಯ ಲೆಕ್ಕವನ್ನಾಗಲಿ, ಬೇಸಿಗೆಯಲ್ಲಿ ಒಂದು ಬೀದಿಯ ನಲ್ಲಿಗೆ ನೀರು ಬಂದ ದಿನಗಳನ್ನಾಗಲಿ ತಾರೀಖು ಸಹಿತ ತೆಗೆದಿಡಲು ಅದೇ ಸಾಕು. ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಅಧಿಕಾರಿಗಳ ಉತ್ತರವನ್ನೂ ಸೇರಿಸಬೇಕು. ತೆಗೆದುದನ್ನು ಮೊದಲು ಆ ಬೀದಿಯವರಿಗೇ ತೋರಿಸಿ, ತಪ್ಪಿದ್ದರೆ ತಿದ್ದಿಕೊಂಡು, ಆಮೇಲೆ ಪುರಸಭೆಗೆ ಒಯ್ಯಬಹುದು.