ಕಂಪ್ಯೂಟರ್ ಕೆಟ್ಟಿದೆಯೇ? ಕೆಟ್ಟಿರುವ ಭಾಗ ಯಾವುದು?

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಎಷ್ಟು ಕಂಪ್ಯೂಟರ್‌ಗಳಿವೆ? ಅವುಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ? ಎಷ್ಟು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕುಳಿತಿವೆ? ‘ಅದು ಕೆಟ್ಟಿದೆ’ ಎಂದು ಯಾರೋ ಒಬ್ಬರು ಹೇಳಿದರೆ ಸಾಕು, ಅಂದಿನಿಂದ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಆದರೆ ಸೈಕಲ್ ಪಂಕ್ಚರ್ ಆದಾಗ ನಾವು ಹೀಗೆ ಮಾಡುತ್ತೇವೆಯೇ? ಟ್ಯೂಬ್ ಬಿಚ್ಚುತ್ತೇವೆ. ಗಾಳಿ ತುಂಬಿ, ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಮುಳುಗಿಸುತ್ತೇವೆ. ಎಲ್ಲಿ ಗುಳ್ಳೆ ಬರುತ್ತದೆಯೋ ಅಲ್ಲಿಗೇ ಪ್ಯಾಚ್ ಹಾಕುತ್ತೇವೆ. ಇಡೀ ಸೈಕಲ್ ಕೆಟ್ಟಿಲ್ಲ, ಟ್ಯೂಬಿನ ಒಂದು ಚುಕ್ಕೆ ಮಾತ್ರ ಕೆಟ್ಟಿದೆ ಎಂಬುದು ನಮಗೆ ಗೊತ್ತು. ಕಂಪ್ಯೂಟರ್ ಕೂಡ ಹಾಗೆಯೇ. ಅದು ಒಂದೇ ವಸ್ತುವಲ್ಲ, ಹಲವು ಭಾಗಗಳ ಜೋಡಣೆ. ಅದರಲ್ಲಿ ‘ಗುಳ್ಳೆ ಬರುವ ಜಾಗ’ವನ್ನು ಹುಡುಕುವುದು ಹೇಗೆ? ನೋಡೋಣ ಬನ್ನಿ.

ಪೆಟ್ಟಿಗೆಯೊಳಗೆ ಯಾರು ಯಾರಿದ್ದಾರೆ?

ಮೇಜಿನ ಕೆಳಗೆ ನಿಂತಿರುವ ಪೆಟ್ಟಿಗೆಯನ್ನು ಎಲ್ಲರೂ ‘ಸಿಪಿಯು’ ಎನ್ನುತ್ತಾರೆ. ವಾಸ್ತವವಾಗಿ ಅದು ಬರೀ ಕ್ಯಾಬಿನೆಟ್. ಸಿಪಿಯು ಅಥವಾ ಪ್ರೊಸೆಸರ್ ಎಂಬುದು ಅದರೊಳಗಿನ ಒಂದು ಚಿಕ್ಕ ಚಿಪ್. ಅಂಗೈಯಲ್ಲಿ ಆರಾಮವಾಗಿ ಹಿಡಿಯುವಷ್ಟು ಚಿಕ್ಕದು.

ಒಳಗಿನ ಭಾಗಗಳ ಕೆಲಸ ತಿಳಿಯಲು ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಅಡುಗೆ ಮಾಡುವ ಅಮ್ಮ ಪ್ರೊಸೆಸರ್ ಇದ್ದಂತೆ. ನಿಜವಾದ ಕೆಲಸವೆಲ್ಲ ಅವರದೇ. ತರಕಾರಿ, ಬೇಳೆ ಹರಡಿಕೊಂಡು ಕೆಲಸ ಮಾಡುವ ಕಟ್ಟೆಯೇ ರ‍್ಯಾಮ್. ಅಡುಗೆ ಮುಗಿದ ಮೇಲೆ ಕಟ್ಟೆಯನ್ನು ಒರೆಸಿಬಿಡುತ್ತಾರೆ. ಹಾಗೆಯೇ ಕರೆಂಟು ಹೋದರೆ ರ‍್ಯಾಮ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಅಕ್ಕಿ, ಬೇಳೆ ಇಡುವ ದಾಸ್ತಾನು ಕೋಣೆಯೇ ಹಾರ್ಡ್ ಡಿಸ್ಕ್. ಕರೆಂಟು ಇಲ್ಲದಿದ್ದರೂ ಅಲ್ಲಿರುವುದು ಅಲ್ಲಿಯೇ ಇರುತ್ತದೆ. ಇವುಗಳ ನಡುವೆ ಓಡಾಡಲು ಬೇಕಾದ ಹಾದಿಗಳು ಮದರ್‌ಬೋರ್ಡ್‌ನಲ್ಲಿವೆ.

ಇನ್ನು ಎಸ್‌ಎಂಪಿಎಸ್? ಅದು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಇದ್ದಂತೆ. ಸಿಲಿಂಡರಿನೊಳಗಿನ ಒತ್ತಡ ನೇರವಾಗಿ ಒಲೆಗೆ ಬಂದರೆ ಅಪಾಯ. ಹಾಗೆಯೇ ಗೋಡೆಯಿಂದ ಬರುವ 230 ವೋಲ್ಟ್ ಪರ್ಯಾಯ ವಿದ್ಯುತ್ತು ಚಿಪ್‌ಗಳಿಗೆ ಆಗದು. ಎಸ್‌ಎಂಪಿಎಸ್ ಅದನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಬದಲಾಯಿಸಿ ಕೊಡುತ್ತದೆ.

ಮೊದಲು ಎಚ್ಚರಿಕೆ

ಹೊರಗಿನ ಕೇಬಲ್, ಪ್ಲಗ್, ಸ್ವಿಚ್‌ಗಳನ್ನು ನೀವೇ ಕಣ್ಣಿನಿಂದ ಪರೀಕ್ಷಿಸಬಹುದು. ಆದರೆ ಕ್ಯಾಬಿನೆಟ್ಟಿನ ಬಾಗಿಲನ್ನು ಶಿಕ್ಷಕರೇ ತೆರೆಯಬೇಕು, ನೀವು ಜೊತೆಯಲ್ಲಿ ನಿಂತು ನೋಡಬೇಕು. ತೆರೆಯುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಹೆಚ್ಚಿನ ವಿದ್ಯುದಾವೇಶ ಸಂಗ್ರಹವಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲಕಾಲ ಉಳಿದಿರಬಹುದು. ಹಳೆಯ ದಪ್ಪ ಬೆನ್ನಿನ ಮಾನಿಟರಿನೊಳಗೆ ಇನ್ನೂ ಹೆಚ್ಚಿನ ವೋಲ್ಟೇಜ್ ಇರುತ್ತದೆ. ಇವೆರಡೂ ನುರಿತ ತಂತ್ರಜ್ಞರ ಕೆಲಸ.

ಇನ್ನೊಂದು ಮಾತು. ಬಾಚಣಿಗೆಯನ್ನು ಒಣಗಿದ ಕೂದಲಿಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತಿದ್ದೀರಲ್ಲವೇ? ಅಂತಹ ಸ್ಥಾಯೀ ವಿದ್ಯುತ್ತು ನಮ್ಮ ಮೈಯಲ್ಲೂ ಕೂಡುತ್ತದೆ. ನಮಗೆ ಅದು ಗೊತ್ತೇ ಆಗದಿದ್ದರೂ ಚಿಪ್ ಹಾಳಾಗಬಹುದು. ಆದ್ದರಿಂದ ಒಳಭಾಗಗಳನ್ನು ಮುಟ್ಟುವವರು ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು.

ವಿದ್ಯುತ್ತಿನ ಹಾದಿ ಹಿಡಿದು ನಡೆಯಿರಿ

ಗುಂಡಿ ಒತ್ತಿದರೂ ಕಂಪ್ಯೂಟರ್ ಉಸಿರೆತ್ತುವುದಿಲ್ಲ. ದೀಪವಿಲ್ಲ, ಫ್ಯಾನ್ ಸದ್ದಿಲ್ಲ. ಈಗ ಏನು ಮಾಡುವಿರಿ?

ಹೊಲಕ್ಕೆ ನೀರು ಬರದಿದ್ದರೆ ರೈತರು ಏನು ಮಾಡುತ್ತಾರೆ? ಪಂಪಿನಿಂದ ಹೊರಟು ಪೈಪಿನ ಉದ್ದಕ್ಕೂ ನಡೆದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಾರೆ. ನಾವೂ ಹಾಗೆಯೇ ಮಾಡೋಣ.

ಗೋಡೆಯ ಸ್ವಿಚ್ ಬೋರ್ಡ್‌ನಲ್ಲಿ ಕರೆಂಟು ಇದೆಯೇ? ಇಂಡಿಕೇಟರ್ ದೀಪ ಉರಿಯುತ್ತಿದೆಯೇ? ಯುಪಿಎಸ್ ಚಾಲೂ ಆಗಿದೆಯೇ? ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ ಹಾಕಿದೆಯೇ? ಪವರ್ ಕೇಬಲ್ ಎರಡೂ ಕಡೆ ಬಿಗಿಯಾಗಿ ಕೂತಿದೆಯೇ? ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಎಸ್‌ಎಂಪಿಎಸ್‌ನ ಪಕ್ಕ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದರ ಮೇಲೆ ಗೆರೆಯ ಗುರುತಿದ್ದ ಕಡೆ ಒತ್ತಿದರೆ ಚಾಲೂ, ಸೊನ್ನೆಯ ಗುರುತಿದ್ದ ಕಡೆ ಒತ್ತಿದರೆ ಬಂದ್. ಕಸ ಗುಡಿಸುವಾಗ ಅದು ಅಕಸ್ಮಾತ್ತಾಗಿ ಬಂದ್ ಆಗಿರಬಹುದು.

ಕೇಬಲ್ಲೇ ಒಳಗೆ ತುಂಡಾಗಿದ್ದರೆ? ಅದಕ್ಕೂ ಉಪಾಯವಿದೆ. ಸಾಮಾನ್ಯವಾಗಿ ಮಾನಿಟರಿಗೂ ಕ್ಯಾಬಿನೆಟ್ಟಿಗೂ ಒಂದೇ ಬಗೆಯ ಪವರ್ ಕೇಬಲ್ ಇರುತ್ತದೆ. ಸ್ವಿಚ್ ಆರಿಸಿ ಎರಡನ್ನೂ ಅದಲು ಬದಲು ಮಾಡಿ. ಈಗ ಕ್ಯಾಬಿನೆಟ್ ಚಾಲೂ ಆಗಿ ಮಾನಿಟರ್ ಸತ್ತರೆ ಕಳ್ಳ ಸಿಕ್ಕಿಬಿದ್ದಂತೆ. ಕಂಪ್ಯೂಟರ್ ಚೆನ್ನಾಗಿದೆ, ಕೇಬಲ್ ಕೆಟ್ಟಿದೆ!

ಒಂದು ಸಲಕ್ಕೆ ಒಂದೇ ಬದಲಾವಣೆ

ಕೇಬಲ್ ಬದಲಿಸಿದಾಗ ನಾವು ಮಾಡಿದ್ದು ಒಂದು ವಿಜ್ಞಾನ ಪ್ರಯೋಗ. ಬೀಜ ಮೊಳೆಯಲು ನೀರು ಬೇಕೇ ಎಂದು ತಿಳಿಯಲು ಎರಡು ಬಟ್ಟಲುಗಳಲ್ಲಿ ಕಾಳು ಇಡುತ್ತೇವೆ. ಒಂದಕ್ಕೆ ನೀರು ಹಾಕುತ್ತೇವೆ, ಇನ್ನೊಂದಕ್ಕೆ ಹಾಕುವುದಿಲ್ಲ. ಗಾಳಿ, ಜಾಗ, ಕಾಳು ಉಳಿದೆಲ್ಲವೂ ಒಂದೇ. ಒಂದನ್ನು ಮಾತ್ರ ಬದಲಿಸಿದರೆ ಫಲಿತಾಂಶಕ್ಕೆ ಕಾರಣ ಅದೇ ಎಂದು ಹೇಳಬಹುದು.

ಒಂದು ಉದಾಹರಣೆ ನೋಡೋಣ. ನಿಮ್ಮ ಶಾಲೆಯಲ್ಲಿ ‘ಅ’ ಮತ್ತು ‘ಆ’ ಎಂಬ ಎರಡು ಕಂಪ್ಯೂಟರ್‌ಗಳಿವೆ ಎಂದುಕೊಳ್ಳಿ. ‘ಅ’ದ ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪು. ‘ಆ’ ಚೆನ್ನಾಗಿದೆ. ‘ಅ’ದ ಮಾನಿಟರನ್ನು ಅದರ ಕೇಬಲ್ ಸಮೇತ ‘ಆ’ಕ್ಕೆ ಜೋಡಿಸಿ. ಚಿತ್ರ ಬಂದರೆ ಮಾನಿಟರೂ ಕೇಬಲ್ಲೂ ಎರಡೂ ನಿರ್ದೋಷಿ, ತೊಂದರೆ ‘ಅ’ ಪೆಟ್ಟಿಗೆಯೊಳಗಿದೆ. ಚಿತ್ರ ಬರದಿದ್ದರೆ ಕೇಬಲ್ ಒಂದನ್ನೇ ಬದಲಿಸಿ ನೋಡಿ. ಈಗ ಬಂದರೆ ಕೇಬಲ್ ದೋಷಿ, ಆಗಲೂ ಬರದಿದ್ದರೆ ಮಾನಿಟರ್ ದೋಷಿ. ಎರಡೇ ಪರೀಕ್ಷೆಯಲ್ಲಿ ಮೂರರಲ್ಲಿ ಒಂದನ್ನು ಹಿಡಿದೆವು.

ಅವಸರಪಟ್ಟು ಮಾನಿಟರ್, ಕೇಬಲ್, ರ‍್ಯಾಮ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ? ಕಂಪ್ಯೂಟರ್ ಸರಿಯಾಗಬಹುದು. ಆದರೆ ಯಾವುದು ಕೆಟ್ಟಿತ್ತೆಂಬುದು ತಿಳಿಯುವುದೇ ಇಲ್ಲ. ನೂರಾರು ರೂಪಾಯಿಯ ಕೇಬಲ್ ಸಾಕಾಗಿದ್ದ ಕಡೆ ಸಾವಿರಾರು ರೂಪಾಯಿಯ ಮಾನಿಟರ್ ಕೊಂಡಂತಾಗುತ್ತದೆ. ಶಾಲೆಯ ಅನುದಾನದ ಹಣ ಪುಸ್ತಕಕ್ಕೋ ಆಟದ ಸಾಮಾನಿಗೋ ಆಗುತ್ತಿತ್ತಲ್ಲವೇ?

ಕೊನೆಯ ಹೆಜ್ಜೆಯನ್ನು ಹಲವರು ಮರೆಯುತ್ತಾರೆ. ಕೆಟ್ಟಿದೆ ಎಂದುಕೊಂಡ ಕೇಬಲನ್ನು ಮತ್ತೊಮ್ಮೆ ಹಾಕಿ ನೋಡಬೇಕು. ತೊಂದರೆ ಮರಳಿ ಬಂದರೆ ನಮ್ಮ ತೀರ್ಮಾನ ಖಚಿತ. ಬರದಿದ್ದರೆ ಕೇಬಲ್ ಕೆಟ್ಟಿರಲಿಲ್ಲ, ಸಡಿಲವಾಗಿತ್ತು ಅಷ್ಟೆ.

ಲಕ್ಷಣ ನೋಡಿ ಕಾರಣ ಊಹಿಸಿ

ವೈದ್ಯರು ಜ್ವರ, ಕೆಮ್ಮು, ನಾಡಿ ನೋಡಿ ರೋಗ ಊಹಿಸುತ್ತಾರೆ. ಕಂಪ್ಯೂಟರಿಗೂ ಲಕ್ಷಣಗಳಿವೆ.

ಬೀಪ್ ಸದ್ದು: ಕಂಪ್ಯೂಟರ್ ಚಾಲೂ ಆದ ಕೂಡಲೇ ತನ್ನ ಮುಖ್ಯ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪರದೆಯಲ್ಲಿ ಬರೆದು ಹೇಳಲಾಗದ ದೋಷವಿದ್ದರೆ ಬೀಪ್ ಸದ್ದಿನಿಂದ ತಿಳಿಸುತ್ತದೆ. ಈಗಿನ ಹಲವು ಮದರ್‌ಬೋರ್ಡ್‌ಗಳಲ್ಲಿ ಸದ್ದಿನ ಬದಲು ಚಿಕ್ಕ ದೀಪಗಳಿರುತ್ತವೆ. ಸದ್ದಿನ ಅರ್ಥ ಒಂದೊಂದು ಕಂಪನಿಗೆ ಒಂದೊಂದು ತರಹ. ಆದ್ದರಿಂದ ಬಾಯಿಪಾಠ ಮಾಡಬೇಡಿ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಎಂದು ಎಣಿಸಿ ಬರೆದಿಟ್ಟು, ಕೈಪಿಡಿಯಲ್ಲಿ ಹುಡುಕಿ. ರ‍್ಯಾಮ್ ಸಡಿಲವಾಗಿರುವುದು ಸಾಮಾನ್ಯ ಕಾರಣಗಳಲ್ಲಿ ಒಂದು. ಶಿಕ್ಷಕರು ರ‍್ಯಾಮ್ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಮೃದುವಾದ ರಬ್ಬರಿನಿಂದ ಹಗುರವಾಗಿ ಒರೆಸಿ, ರಬ್ಬರಿನ ಪುಡಿಯನ್ನು ಬ್ರಷ್‌ನಿಂದ ಝಾಡಿಸಿ, ಎರಡೂ ತುದಿಯಲ್ಲಿ ‘ಟಕ್’ ಎನ್ನುವಂತೆ ಮತ್ತೆ ಕೂರಿಸಿದರೆ ಎಷ್ಟೋ ಸಲ ‘ಸತ್ತ’ ಕಂಪ್ಯೂಟರ್ ಎದ್ದು ಕೂರುತ್ತದೆ.

ತಪ್ಪು ದಿನಾಂಕ: ಪ್ರತಿ ಬೆಳಿಗ್ಗೆ ಕಂಪ್ಯೂಟರ್ ಹಳೆಯ ವರ್ಷದ ದಿನಾಂಕ ತೋರಿಸಿದರೆ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಮುಗಿದಿದೆ ಎಂದರ್ಥ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಈ 3 ವೋಲ್ಟ್ ಸೆಲ್. ಹೆಚ್ಚಾಗಿ ಅದರ ಮೇಲೆ ‘ಸಿಆರ್ 2032’ ಎಂದಿರುತ್ತದೆ. ಆ ಸಂಖ್ಯೆಯಲ್ಲೇ ಅಳತೆ ಅಡಗಿದೆ: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್! ದಿನಾಂಕ ತಪ್ಪಿದ್ದರೆ ಅಂತರಜಾಲವೂ ಕೈಕೊಡುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂತಿಷ್ಟು ದಿನ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ದಿನಾಂಕ ಆ ಅವಧಿಯ ಹೊರಗಿದ್ದರೆ ಒಳ್ಳೆಯ ತಾಣವನ್ನೂ ಅದು ನಂಬುವುದಿಲ್ಲ. ಬಟನ್ ಸೆಲ್ಲನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಪ್ರಾಣಾಪಾಯ.

ಹತ್ತು ನಿಮಿಷಕ್ಕೆ ತಾನೇ ಆರಿಹೋಗುವುದು: ಇದು ಬಿಸಿಯ ಲಕ್ಷಣ ಇರಬಹುದು. ಪ್ರೊಸೆಸರಿನ ಮೇಲೆ ಲೋಹದ ತೆಳು ಹಲ್ಲುಗಳುಳ್ಳ ಹೀಟ್ ಸಿಂಕ್, ಅದರ ಮೇಲೆ ಫ್ಯಾನ್ ಇರುತ್ತದೆ. ಹಲ್ಲುಗಳು ಹೆಚ್ಚಿದಷ್ಟೂ ಗಾಳಿಗೆ ತಾಗುವ ಮೇಲ್ಮೈ ಹೆಚ್ಚು, ಶಾಖ ಬೇಗ ಹೋಗುತ್ತದೆ. ಧೂಳು ತುಂಬಿದರೆ ಅದು ಕಂಬಳಿ ಹೊದಿಸಿದಂತೆ. ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ಬಿಸಿ ಮಿತಿಮೀರಿದರೆ ತನ್ನನ್ನು ಉಳಿಸಿಕೊಳ್ಳಲು ಆರಿಸಿಕೊಳ್ಳುತ್ತದೆ. ಒಣಗಿದ ಬ್ರಷ್‌ನಿಂದ ಧೂಳು ತೆಗೆಸಿ. ಒದ್ದೆ ಬಟ್ಟೆ ಬೇಡ.

‘ಟಕ್ ಟಕ್’ ಸದ್ದು: ಹಾರ್ಡ್ ಡಿಸ್ಕ್ ಹೀಗೆ ಸದ್ದು ಮಾಡತೊಡಗಿದರೆ ತಡಮಾಡಬಾರದು. ರಿಪೇರಿಗಿಂತ ಮುಂಚೆ ಬೇಕಾದ ಕಡತಗಳನ್ನು ಬೇರೆ ಕಡೆಗೆ ನಕಲು ಮಾಡಿಸಿ. ಡಿಸ್ಕ್ ಹೊಸದು ಸಿಗುತ್ತದೆ, ಅದರಲ್ಲಿದ್ದ ಮಾಹಿತಿ ಸಿಗುವುದಿಲ್ಲ.

ಯಾವ ಭಾಗ ಕೊಳ್ಳಬೇಕು?

ಕಂಪ್ಯೂಟರ್ ಕೆಟ್ಟಿಲ್ಲ, ಆದರೆ ಬಹಳ ನಿಧಾನ. ಯಾರೋ ದಾನಿಗಳು ಒಂದು ಭಾಗ ಕೊಡಿಸಲು ಒಪ್ಪಿದ್ದಾರೆ. ಏನು ಕೇಳುವಿರಿ?

ಮತ್ತೆ ಅಡುಗೆಮನೆಗೆ ಬನ್ನಿ. ಊಟ ತಡವಾಗುತ್ತಿದ್ದರೆ ಕಾರಣ ಎಲ್ಲಿ? ಕಟ್ಟೆ ಚಿಕ್ಕದಾದರೆ ಅಡುಗೆಯವರು ಪದೇ ಪದೇ ದಾಸ್ತಾನು ಕೋಣೆಗೆ ಓಡಬೇಕು. ಆಗ ಇನ್ನೂ ಚುರುಕಾದ ಅಡುಗೆಯವರನ್ನು ಕರೆತಂದರೂ ಹೆಚ್ಚು ಪ್ರಯೋಜನವಿಲ್ಲ. ಕಟ್ಟೆ ದೊಡ್ಡದಾಗಬೇಕು. ಅಂದರೆ ರ‍್ಯಾಮ್ ಹೆಚ್ಚಬೇಕು. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಪ್ರತಿಯೊಂದೂ ಶೇಕಡ ಎಷ್ಟು ದುಡಿಯುತ್ತಿದೆ ಎಂದು ಅದು ತೋರಿಸುತ್ತದೆ. ಯಾವುದು ಸದಾ 100ರ ಹತ್ತಿರ ಇದೆಯೋ ಅಲ್ಲಿ ಅಡಚಣೆ.

ಹಾರ್ಡ್ ಡಿಸ್ಕ್ ಇರುವ ಹಳೆಯ ಕಂಪ್ಯೂಟರುಗಳಲ್ಲಿ ಬಹಳ ಸಲ ಅಡಚಣೆ ಡಿಸ್ಕ್‌ನಲ್ಲೇ ಇರುತ್ತದೆ. ಅದರ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರುವವರೆಗೆ ಕಂಪ್ಯೂಟರ್ ಕಾಯಲೇಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ಮಿಲಿಸೆಕೆಂಡಿಗೂ ಕಡಿಮೆ ಸಮಯದಲ್ಲಿ ಮಾಹಿತಿ ಕೊಡುತ್ತದೆ. ಹೀಗಾಗಿ ಎಸ್‌ಎಸ್‌ಡಿ ಹಾಕಿದ ಹಳೆಯ ಕಂಪ್ಯೂಟರ್ ಚುರುಕಾಗುತ್ತದೆ.

ಕೊಳ್ಳುವ ಮುಂಚೆ ಹೊಂದಾಣಿಕೆ ನೋಡಿ. ಡಿಡಿಆರ್3 ರ‍್ಯಾಮ್‌ಗೆ 240 ಪಿನ್, ಡಿಡಿಆರ್4ಕ್ಕೆ 288 ಪಿನ್. ಡಿಡಿಆರ್5ಕ್ಕೂ 288 ಪಿನ್ನೇ, ಆದರೆ ಅಂಚಿನ ಕಚ್ಚು ಬೇರೆ ಜಾಗದಲ್ಲಿದೆ. ತಪ್ಪು ಪಟ್ಟಿ ಕೂರದಿರಲಿ ಎಂದೇ ಆ ಕಚ್ಚು. ಕೂರದಿದ್ದರೆ ಒತ್ತಬೇಡಿ, ನಿಲ್ಲಿಸಿ, ಹಳೆಯ ಪಟ್ಟಿಯ ಲೇಬಲ್ ಓದಿ. ಅಂಗಡಿಗೆ ಹೋಗುವಾಗ ಹಳೆಯ ಪಟ್ಟಿಯನ್ನೇ ಒಯ್ಯುವುದು ಇನ್ನೂ ಜಾಣತನ.

‘450 ವ್ಯಾಟ್ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಹೆಚ್ಚುತ್ತದೆಯೇ?’ ಎಂದು ಕೆಲವರು ಕೇಳುತ್ತಾರೆ. ಇಲ್ಲ. 450 ಎಂಬುದು ಅದು ಕೊಡಬಲ್ಲ ಗರಿಷ್ಠ ಮಿತಿ. ಕಂಪ್ಯೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಹತ್ತು ಲೀಟರ್ ಕೊಡದಿಂದ ಒಂದು ಲೋಟ ನೀರು ಕುಡಿದಂತೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹಲವು ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಹಾಗೆಂದು ಅವನ್ನು ಗುಜರಿಗೆ ಹಾಕಬೇಕಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಅವುಗಳಲ್ಲಿ ಚೆನ್ನಾಗಿ ನಡೆಯಬಲ್ಲದು.

ಮಾಡಿ ನೋಡಿ

ನಿಮ್ಮ ಶಾಲೆಯ ಕಂಪ್ಯೂಟರುಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟು ಒಂದು ‘ಆರೋಗ್ಯ ಪುಸ್ತಕ’ ಇಡಿ. ಪ್ರತಿ ಪುಟದಲ್ಲಿ ನಾಲ್ಕು ಕಾಲಂ ಇರಲಿ: ದಿನಾಂಕ, ಕಂಡ ಲಕ್ಷಣ, ಮಾಡಿದ ಒಂದು ಬದಲಾವಣೆ, ಆದ ಫಲಿತಾಂಶ. ‘ಕೆಟ್ಟಿದೆ’ ಎಂಬ ಪದವನ್ನು ಆ ಪುಸ್ತಕದಲ್ಲಿ ಬರೆಯಬಾರದು ಎಂಬ ನಿಯಮ ಮಾಡಿಕೊಳ್ಳಿ. ಬದಲಿಗೆ ‘ಫ್ಯಾನ್ ತಿರುಗುತ್ತದೆ, ಚಿತ್ರವಿಲ್ಲ, ಮೂರು ಬೀಪ್’ ಎಂದು ಕಂಡದ್ದನ್ನೇ ಬರೆಯಿರಿ. ರಿಪೇರಿಯವರು ಬಂದಾಗ ಆ ಪುಟವನ್ನು ತೋರಿಸಿ. ಅವರ ಅರ್ಧ ಕೆಲಸವನ್ನು ನೀವೇ ಮುಗಿಸಿರುತ್ತೀರಿ.

ಈಗ ಒಂದು ಪ್ರಶ್ನೆ. ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ. ಆದರೆ ಕರೆಂಟು ಹೋದ ತಕ್ಷಣ, ಯುಪಿಎಸ್ ಇದ್ದರೂ, ಪರದೆ ಕಪ್ಪಾಗುತ್ತದೆ. ಕರೆಂಟು ಬಂದರೆ ಮತ್ತೆ ಎಲ್ಲವೂ ಸರಿ. ಯಾವ ಭಾಗದ ಮೇಲೆ ನಿಮಗೆ ಅನುಮಾನ? ಅದನ್ನು ಖಚಿತಪಡಿಸಿಕೊಳ್ಳಲು ಯಾವ ಒಂದು ಬದಲಾವಣೆ ಮಾಡಿ ನೋಡುವಿರಿ? ಗೆಳೆಯರೊಂದಿಗೆ ಚರ್ಚಿಸಿ, ಉತ್ತರವನ್ನು ಆರೋಗ್ಯ ಪುಸ್ತಕದ ಮೊದಲ ಪುಟದಲ್ಲಿ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.